ಚೌಕಾಬಾರ, ಅಳಗುಳಿಮಣೆ, ಪಗಡೆ: ಆರು ತಿಂಗಳು ಆಡಿ ನೋಡಿದ ಮೇಲೆ

ಹೊಳೆನರಸೀಪುರದ ಕಡೆಯ ನಮ್ಮ ಅಜ್ಜಿ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲಿನ ಟ್ರಂಕಿನಲ್ಲಿ ಮೂರು ವಸ್ತು ಸಿಕ್ಕವು. ಮಧ್ಯಕ್ಕೆ ಮಡಚುವ ಮರದ ಅಳಗುಳಿಮಣೆ, ಕೆಂಪು ಬಟ್ಟೆಯ ಪಗಡೆ ಹಾಸು, ಹಿತ್ತಾಳೆ ಡಬ್ಬಿಯೊಂದರಲ್ಲಿ ಕವಡೆ. ಹಾಸಿನ ಮಡಿಕೆಯೊಳಗೆ ಎರಡು ಉದ್ದನೆಯ ದಾಳಗಳೂ ಇದ್ದವು. ಪಾತ್ರೆಪಗಡಗಳನ್ನೆಲ್ಲ ಉಳಿದವರು ಹಂಚಿಕೊಂಡರು. ಇವನ್ನು ನಾನು ಕೇಳಿ ತಂದೆ.

ತಂದದ್ದು ಗಾಜಿನ ಬೀರುವಿನಲ್ಲಿ ಇಡೋದಕ್ಕಲ್ಲ. ಬೇಸಿಗೆ ರಜೆಯಿಂದ ದಸರಾವರೆಗೆ ಮೈಸೂರಿನ ನಮ್ಮ ಮನೆಯಲ್ಲಿ ಮೂರನ್ನೂ ಸರದಿ ಮೇಲೆ ಆಡಿದೆವು. ಮನೆಯಲ್ಲಿ ನಾವು ಐದು ಜನ. ಅಮ್ಮನಿಗೆ ಎಪ್ಪತ್ತನಾಲ್ಕು, ಒಂದು ಕಣ್ಣಿಗೆ ಪೊರೆ ತೆಗೆಸಿದೆ, ಇನ್ನೊಂದಕ್ಕೆ ಆಗಬೇಕು. ಮಗನಿಗೆ ಹದಿಮೂರು, ಮಗಳಿಗೆ ಎಂಟು. ಯಾವ ಆಟ ಒಳ್ಳೆಯದು ಅನ್ನೋದಕ್ಕಿಂತ, ಯಾವ ಆಟಕ್ಕೆ ಅಮ್ಮನೂ ಚಿಕ್ಕವಳೂ ತಾವಾಗಿಯೇ ಬಂದು ಕೂರುತ್ತಾರೆ ಅನ್ನೋದನ್ನು ನೋಡಬೇಕಿತ್ತು. ಒಬ್ಬರು ಆಡಿಸಿ ಇನ್ನೊಬ್ಬರು ಸೋತುಕೊಡುವ ಆಟ ಬೇಡವಾಗಿತ್ತು.

ಮೊದಲು ಚೌಕಾಬಾರ, ಕವಡೆ ಎಸೆದು ಕಾಯಿ ನಡೆಸುವ ಆಟ. ನಮ್ಮ ಕಡೆ ಕಟ್ಟೆಮನೆ ಅಂತಲೂ ಅನ್ನುತ್ತಾರೆ. ಐದಕ್ಕೆ ಐದು, 25 ಮನೆ. ನಾಲ್ಕೂ ಅಂಚಿನ ನಡುಮನೆಗೆ ಮತ್ತು ಒಳಗಿನ ನಡುಮನೆಗೆ ಅಡ್ಡಗೆರೆ ಎಳೆದು ಕಟ್ಟೆ, ಅಂದರೆ ಕಾಯಿಯನ್ನು ಹೊಡೆಯಲಾಗದ ಮನೆ, ಮಾಡಿಕೊಂಡರೆ ಹಾಸು ಸಿದ್ಧ. ಅಮ್ಮ ಚಿಕ್ಕವಳಾಗಿದ್ದಾಗ ಕೆಂಪು ಗಾರೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದುಕೊಳ್ಳುತ್ತಿದ್ದರಂತೆ. ನಮ್ಮ ಮನೆಯ ನುಣುಪು ಟೈಲ್ಸ್ ಮೇಲೆ ಸೀಮೆಸುಣ್ಣ ನಿಲ್ಲಲೇ ಇಲ್ಲ. ಎರಡು ಆಟ ಮುಗಿಯುವಷ್ಟರಲ್ಲಿ ಮಂಡಿಗೆ ತಾಗಿ ಅರ್ಧ ಗೆರೆ ಅಳಿಸಿಹೋಯಿತು. ಅಂಗಡಿಯಿಂದ ತಂದ ರೆಕ್ಸಿನ್ ಹಾಸು ಮಡಿಸಿದ ಗುರುತಿನಲ್ಲೇ ಉಬ್ಬಿ ನಿಂತಿತು. ಕವಡೆ ಬಿದ್ದರೆ ಅದೇ ಉಬ್ಬಿಗೆ ಓರೆಯಾಗಿ ಒರಗಿ, ಬಾಯಿ ಮೇಲೋ ಕೆಳಗೋ ಅಂತ ಪ್ರತಿ ಸಲವೂ ಜಗಳ.

ಹಾಗಾಗಿ ನಾವೇ ಹೊಲಿದೆವು. ಅಮ್ಮನ ಎರಡು ಹಳೆಯ ಹತ್ತಿ ಸೀರೆಯನ್ನು ಕೌದಿಯ ಹಾಗೆ ಮೂರು ಪದರ ಇಟ್ಟು, ಮೂರು ಇಂಚಿನ ಚೌಕಗಳಿಗೆ ಪೆನ್ಸಿಲ್ ಗೆರೆ ಎಳೆದು, ಆ ಗೆರೆಗಳ ಮೇಲೇ ದಾರ ಓಡಿಸಿದೆವು. ಹಾಸು ಹದಿನೈದು ಇಂಚು ಆಯಿತು, ಸುತ್ತ ಒಂದಿಂಚು ಅಂಚು ಬಿಟ್ಟೆ. ನಾಲ್ಕು ಸಂಜೆಯ ಕೆಲಸ. ಹೊಲಿಗೆ ತಿಳಿಯದ ಮಗಳಿಗೂ ಕಟ್ಟೆಗಳ ಮೇಲಿನ ಅಡ್ಡಗೆರೆ ಹಾಕಲು ಕೊಟ್ಟೆ, ಅಂಕುಡೊಂಕಾದರೂ ಬಿಚ್ಚಲಿಲ್ಲ. ಹೊಲಿಯುವವರಿಗೆ ಒಂದು ಮಾತು: ಮೊದಲು ಮೂರೂ ಪದರ ಸೇರಿಸಿ ಒಂದೆರಡು ಕಡೆ ಕಚ್ಚಾ ಹೊಲಿಗೆ ಹಾಕಿಕೊಳ್ಳಿ. ಅದನ್ನು ಬಿಟ್ಟು ಅಂಚಿನಿಂದ ನೇರ ಶುರು ಮಾಡಿದ್ದಕ್ಕೆ ನನ್ನ ಕೆಳಗಿನ ಪದರ ಒಂದು ಕಡೆ ಸೇರಿ ಸುಕ್ಕಾಯಿತು, ಎರಡು ಸಾಲು ಬಿಚ್ಚಿ ಹೊಲಿಯಬೇಕಾಯಿತು. ದಪ್ಪ ಹಾಸಿನ ಮೇಲೆ ಕವಡೆ ಉರುಳಿ ಸೋಫಾದ ಕೆಳಗೆ ಓಡುವುದಿಲ್ಲ, ಬಿದ್ದಲ್ಲೇ ನಿಲ್ಲುತ್ತದೆ. ರೆಕ್ಸಿನ್ನಿಗೂ ಇದಕ್ಕೂ ಹೋಲಿಕೆಯೇ ಇಲ್ಲ.

ಎಸೆಯುವುದಕ್ಕೆ ಕವಡೆಯೋ ಹುಣಸೆ ಬೀಜವೋ ಅನ್ನೋದು ಇನ್ನೊಂದು ಪ್ರಶ್ನೆ. ಹುಣಸೆ ಬೀಜದ ಒಂದು ಮುಖವನ್ನು ಒರಟು ಕಲ್ಲಿಗೆ ತೇದು ಬಿಳಿ ಕಾಣಿಸಿದರೆ ಸಾಕು. ಮಕ್ಕಳು ತೇಯ್ದು ತೇಯ್ದು ಬಿಸಿಯಾದ ಬೀಜವನ್ನು ಒಬ್ಬರ ಕೈಗೊಬ್ಬರು ಮುಟ್ಟಿಸಿ ಕಿರುಚಿದ್ದೂ ಆಯಿತು, ನಾವೆಲ್ಲ ಮಾಡಿದ್ದನ್ನೇ. ತುಂಬ ತೇದರೆ ಬೀಜ ಅರ್ಧ ಹೋಳಾಗಿ, ಒಂದೇ ಮಗ್ಗುಲಿಗೆ ಬೀಳೋದು ಹೆಚ್ಚಾಗುತ್ತದೆ. ನಮ್ಮ ಮೊದಲ ನಾಲ್ಕು ಬೀಜ ಹಾಗೇ ಕೆಟ್ಟವು. ಬಿಳಿ ಇಣುಕುವಷ್ಟಕ್ಕೆ ನಿಲ್ಲಿಸಿದ ಎರಡನೇ ಜೊತೆ ಚೆನ್ನಾಗಿ ಬಂತು. ಆದರೂ ಕವಡೆಯ ಸದ್ದು ಅದಕ್ಕಿಲ್ಲ. ಅಜ್ಜಿಯ ಕವಡೆಗಳ ಉಬ್ಬು ಬೆನ್ನನ್ನು ಯಾರೋ ಹದವಾಗಿ ತೇದಿದ್ದರು, ಬಿದ್ದರೆ ಅಲುಗುವುದಿಲ್ಲ.

ಮಗ ಒಂದು ದಿನ ಹಾಳೆ ತಂದು ಲೆಕ್ಕ ಹಾಕಿ ತೋರಿಸಿದ. ಎರಡೂ ಮಗ್ಗುಲು ಸಮನಾಗಿ ಬೀಳುತ್ತವೆ ಅಂದುಕೊಂಡರೆ ನಾಲ್ಕು ಕವಡೆ ಬೀಳುವ ಬಗೆ ಒಟ್ಟು 16. ಬಾಯಿ ಮೇಲಾದ ಕವಡೆ ಎಷ್ಟೋ ಅಷ್ಟು ಎಣಿಕೆ; ಎರಡು ಬೀಳುವ ಬಗೆ 6, ಒಂದಕ್ಕೂ ಮೂರಕ್ಕೂ ತಲಾ 4. ನಾಲ್ಕೂ ಬಾಯಿ ಮೇಲಾದ ಚೌಕಕ್ಕೆ ಒಂದೇ ಒಂದು, ನಾಲ್ಕೂ ಬೋರಲಾದ ಬಾರಕ್ಕೆ ಒಂದೇ ಒಂದು. ಹೆಸರು ಬಾರ ಆದರೂ ಅದಕ್ಕೆ ನಡೆಸೋದು ಎಂಟು ಮನೆ. ಚೌಕಕ್ಕೂ ಬಾರಕ್ಕೂ ಇನ್ನೊಂದು ಎಸೆತ ಸಿಗುವುದರಿಂದ ಎಂಟು ಎಸೆತಕ್ಕೊಮ್ಮೆ ಮಾತ್ರ ಆ ಭಾಗ್ಯ. ಅಮ್ಮ ಅವನ ಹಾಳೆಯನ್ನು ಕೇಳಿಸಿಕೊಂಡು, “ಅದಕ್ಕೇ ಕಣೋ ಕಾಯಿನ ಯಾವಾಗ್ಲೂ ಹಿಂದಿನವನಿಗಿಂತ ಎರಡು ಮನೆ ಮುಂದೆ ಮಾತ್ರ ಬಿಡಬಾರದು ಅಂತ ನಮ್ಮಮ್ಮ ಹೇಳ್ತಿದ್ದಿದ್ದು” ಅಂದರು. ಹಾಳೆ ಇಲ್ಲದೆ ಅದೇ ಲೆಕ್ಕ ಅಜ್ಜಿಯ ಕೈಯಲ್ಲಿತ್ತು.

ಚೌಕಾಬಾರದ ನಿಜವಾದ ಬಿಸಿ ಇರೋದು ಒಂದು ನಿಯಮದಲ್ಲಿ. ಹೊರಸುತ್ತಿನ 16 ಮನೆ ದಾಟಿ ಒಳಸುತ್ತಿಗೆ ಹೋಗಬೇಕಾದರೆ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆದಿರಬೇಕು. ಮೆತ್ತಗಿನವರಿಗೂ ಹೊಡೆಯದೆ ವಿಧಿಯಿಲ್ಲ. ಅಜ್ಜಿ ಕಾಯಿಯನ್ನು ಹೊಡೆಯಲೋ ಬೇಡವೋ ಅಂತ ಮಗಳು ಕೈ ತಡೆದಾಗ ಅಮ್ಮನೇ, “ಹೊಡಿಯೇ ಪುಟ್ಟಿ, ಆಟದಲ್ಲಿ ಮರ್ಯಾದೆ ನೋಡ್ಬಾರ್ದು” ಅನ್ನುತ್ತಿದ್ದರು. ನಾಲ್ಕು ಜನ ಆಡಿದರೆ ಮುಕ್ಕಾಲು ಗಂಟೆ. ಐದನೆಯವರಾಗಿ ನಮ್ಮವರು ಅಮ್ಮನ ಜೊತೆ ಕೂತು ಅವರ ಕಾಯಿ ನಡೆಸಿಕೊಡುತ್ತಿದ್ದರು. ಬಣ್ಣ ಗುರುತಿಸಲು ಅಮ್ಮನಿಗೆ ಕಷ್ಟ, ಅದೊಂದೇ ಕೊರತೆ. ಚನ್ನಪಟ್ಟಣದ ಅರಗಿನ ಬಣ್ಣದ ಕಾಯಿಗಳನ್ನು ತಂದೆ. ನೋಡಲು, ಮುಟ್ಟಲು ಬಲು ಚೆಂದ, ಆದರೆ ನಾಲ್ಕೂ ಒಂದೇ ಆಕಾರ. ಕಡೆಗೆ ಅಮ್ಮನಿಗೆ ಮಾತ್ರ ಅಂಗಿಯ ದೊಡ್ಡ ಗುಂಡಿಗಳನ್ನು ಕೊಟ್ಟೆವು. ಹಿಂದಿನವರು ಬಳೆಚೂರು ಇಡುತ್ತಿದ್ದರು. ಮಗಳ ಬೆರಳು ಕುಯ್ದೀತೆಂದು ನಾನು ಅದನ್ನು ಬಿಟ್ಟೆ.

ಇನ್ನು ಅಳಗುಳಿಮಣೆ. ಇದರ ವಿಷಯ ನನಗೆ ಎಷ್ಟು ಹೇಳಿದರೂ ಸಾಲದು. ಏಳೇಳು ಗುಳಿಯ ಎರಡು ಸಾಲು, ಒಟ್ಟು 14. ಕರಾವಳಿಯವರು ಇದನ್ನೇ ಚೆನ್ನೆಮಣೆ ಅನ್ನುತ್ತಾರೆ. ತುಳುನಾಡಿನಲ್ಲಿ ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕೆಲಸವಿಲ್ಲದಾಗ ಆಡುವುದು ವಾಡಿಕೆ. ಸಿರಿ ಎಂಬವಳ ಕಥೆ ಹೇಳುವ ಪಾಡ್ದನದಲ್ಲಿ, ಅಂದರೆ ತುಳುವಿನ ಹಾಡುಗಥೆಯಲ್ಲಿ, ಅಬ್ಬಗ ದಾರಗ ಎಂಬ ಅವಳಿಗಳು ಚೆನ್ನೆಯಾಡುತ್ತಲೇ ಜಗಳಕ್ಕೆ ಬಿದ್ದು, ಮಣೆಯೇಟಿಗೆ ಒಬ್ಬಳು ಸಾಯುವ ಕಥೆಯಿದೆ. ಅಕ್ಕತಂಗಿಯರು ಇದಕ್ಕೆ ಎದುರುಬದುರು ಕೂರಬಾರದು ಅನ್ನುವವರು ಅಲ್ಲಿ ಈಗಲೂ ಇದ್ದಾರೆ. ಹಂಪಿಯ ಮಂಟಪಗಳ ಕಲ್ಲುಹಾಸಿನಲ್ಲಿ ಇಂಥ ಗುಳಿಗಳನ್ನು ನೋಡಿದ ನೆನಪು ನಿಮಗೂ ಇರಬಹುದು.

ನಮ್ಮ ಮಣೆ ಹಲಸಿನ ಮರದ್ದು ಅಂತ ಅಮ್ಮ ಹೇಳಿದರು. ಜಿಡ್ಡು, ಧೂಳು ಸೇರಿ ಕಪ್ಪಗೆ ಹೆಪ್ಪುಗಟ್ಟಿತ್ತು, ಹಿತ್ತಾಳೆಯ ಕೀಲು ಹಸಿರುಗಟ್ಟಿತ್ತು. ನೀರು ಸುರಿಯಬಾರದೆಂದು ಬಟ್ಟೆಯನ್ನು ಚೂರೇ ಒದ್ದೆ ಮಾಡಿ ಒರೆಸಿ ಎರಡು ದಿನ ನೆರಳಲ್ಲಿ ಆರಿಸಿದೆ. ಕೀಲಿಗೆ ಹುಣಸೆಹಣ್ಣು ಉಜ್ಜಿದ್ದಷ್ಟೇ. ಮರಕ್ಕೆ ಯಾವ ಎಣ್ಣೆ ಅನ್ನೋದರಲ್ಲಿ ಎರಡು ಪ್ರಯೋಗ ಮಾಡಿದೆ. ಹಿಂಬದಿಯ ಒಂದು ಮೂಲೆಗೆ ಕೊಬ್ಬರಿಎಣ್ಣೆ, ಇನ್ನೊಂದು ಮೂಲೆಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಅಗಸೆ ಎಣ್ಣೆ. ಮೂರು ವಾರಕ್ಕೆ ಕೊಬ್ಬರಿಎಣ್ಣೆಯ ಮೂಲೆ ಅಂಟಂಟಾಗಿಯೇ ಇತ್ತು, ಮೂಗಿಗೆ ಕಮಟು ಬಡಿಯಿತು. ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗಿ ಕೂರುವ ಎಣ್ಣೆ. ತೆಳ್ಳಗೆ ಎರಡು ಸಲ ಸವರಿದ್ದಕ್ಕೆ ಮರದ ಹಳದಿ ಮೈ ಎದ್ದು ಬಂತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಹಾಕಬೇಡಿ. ಅಗಸೆ ಎಣ್ಣೆ ಆರುವಾಗ ಶಾಖ ಹುಟ್ಟಿ, ಮುದ್ದೆಯಾದ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಹೊರಗೆ ಹರವಿ ಒಣಗಿಸಿ.

ಮಣೆಯ ಜೊತೆ ಸಿಕ್ಕಿದ ಕಾಯಿ ಗುಲಗಂಜಿ. ಕೆಂಪು ಮೈ, ಕಪ್ಪು ಕಣ್ಣು, ಮಕ್ಕಳಿಗೆ ಅದರ ಮೇಲೇ ಆಸೆ. ಆದರೆ ಅದು ಕಡು ವಿಷ. ಅಗಿದು ನುಂಗಿದರೆ, ಒಡೆದ ಬೀಜ ಹೊಟ್ಟೆಗೆ ಹೋದರೆ ಪ್ರಾಣಕ್ಕೇ ಅಪಾಯ. ಅಜ್ಜಿಯ ಬೀಜಗಳಲ್ಲಿ ಕೆಲವು ಆಗಲೇ ಒಡೆದಿದ್ದವು. ಅವನ್ನೆಲ್ಲ ಗಾಜಿನ ಶೀಶೆಗೆ ಹಾಕಿ ಮೇಲಿನ ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಬದಲಿಗೆ ಮೊದಲು ಆನೆಗುಲಗಂಜಿ ತಂದೆವು, ಹೆಸರು ಹತ್ತಿರವಾದರೂ ಅದು ಬೇರೆಯೇ ಮರದ ಬೀಜ. ಹೊಳಪು, ನುಣುಪು, ಗುಳಿಗೆ ಬಿದ್ದರೆ ಟಣ್ ಅನ್ನುವ ಸದ್ದು. ಆದರೆ ಅಮ್ಮನ ಬೆರಳಿನಿಂದ ಜಾರುತ್ತಿತ್ತು. ಎಪ್ಪತ್ತು ಹುಣಸೆ ಬೀಜ ಆರಿಸಿ ತೊಳೆದು ಒಣಗಿಸಿ ಕೊಟ್ಟ ದಿನದಿಂದ ಅವರ ಆಟವೇ ಬೇರೆಯಾಯಿತು.

ನಮ್ಮ ಮನೆಯ ಪದ್ಧತಿ ಹೀಗೆ: ಗುಳಿಗೆ ಐದೈದು. ತನ್ನ ಸಾಲಿನ ಒಂದು ಗುಳಿಯನ್ನು ಬರಿದು ಮಾಡಿ ಒಂದೊಂದೇ ಬಿತ್ತುತ್ತ ಹೋಗಬೇಕು. ಕೈ ಖಾಲಿಯಾದರೆ ಮುಂದಿನ ಗುಳಿಯದನ್ನು ಎತ್ತಿ ಮುಂದುವರಿಸಬೇಕು. ಮುಂದಿನದು ಬರಿದಾಗಿದ್ದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಮ್ಮದು, ಅಲ್ಲಿಗೆ ಸರದಿ ಮುಗಿಯಿತು. ನಡುವೆ ಯಾವುದಾದರೂ ಗುಳಿಯಲ್ಲಿ ನಾಲ್ಕು ಕಾಯಿ ಕೂಡಿದರೆ ಅದು ‘ಕರು’, ಆ ಗುಳಿಯವರು ಎತ್ತಿಕೊಳ್ಳಬೇಕು. ಬೇರೆ ಮನೆಯಲ್ಲಿ ಬೇರೆ ಪದ್ಧತಿ ಇರುತ್ತದೆ, ಆಡುವ ಮುಂಚೆ ಮಾತಾಡಿಕೊಂಡರೆ ಆಯಿತು.

ಇಲ್ಲಿ ಕವಡೆಯಿಲ್ಲ, ಅದೃಷ್ಟವಿಲ್ಲ, ಬರೀ ಲೆಕ್ಕ. ಹಾಗಾಗಿ ಎಂಟು ವರ್ಷದವಳಿಗೆ ಆಗದು ಅಂದುಕೊಂಡಿದ್ದೆ. ಮೊದಲ ವಾರ ಅವಳು ಎಲ್ಲ ಸೋತಳು. ಮೂರನೇ ವಾರಕ್ಕೆ ಅಮ್ಮ ಬಿತ್ತುವ ಮುನ್ನ ಬೆರಳ ತುದಿಯಿಂದ ಗುಳಿ ಸವರಿ ಎಣಿಸುವುದನ್ನು ಗಮನಿಸಿ ತಾನೂ ಹಾಗೇ ಮಾಡತೊಡಗಿದಳು. ಒಂದು ಸಂಜೆ ಕರೆಂಟ್ ಹೋಯಿತು. ನಾನು ಮೊಬೈಲ್ ದೀಪ ಹಚ್ಚಲು ಹೋದರೆ ಇಬ್ಬರೂ ಬೇಡವೆಂದರು. ಕತ್ತಲೆಯಲ್ಲಿ ಬೀಜ ಬೀಳುವ ಸದ್ದು ಒಂದೇ, ಆಮೇಲೆ “ಕರು!” ಅಂತ ಮಗಳ ಕೂಗು. ಅವತ್ತು ಗೆದ್ದಿದ್ದು ಅವಳೇ, ಎಂಟು ಕಾಯಿಯ ಅಂತರದಲ್ಲಿ. ಅಮ್ಮ ಬಿಟ್ಟುಕೊಟ್ಟಿರಲಿಲ್ಲ. ಆಮೇಲೆ ನಾನು ಕೇಳಿದ್ದಕ್ಕೆ, “ನಾನ್ಯಾಕೆ ಬಿಡ್ತೀನಿ?” ಅಂದರು. ಇಪ್ಪತ್ತು ನಿಮಿಷದ ಆಟ, ಕಣ್ಣು ಬೇಕಿಲ್ಲದ ಆಟ. ಒಂದೇ ತೊಂದರೆ, ಇಬ್ಬರು ಆಡುವಾಗ ಉಳಿದವರು ಸುಮ್ಮನೆ ನೋಡಬೇಕು.

ಪಗಡೆಯ ಬಗ್ಗೆ ನನಗೆ ಆಸೆ ಹೆಚ್ಚಿತ್ತು, ಹಾಸು ಅಷ್ಟು ಚೆಂದ. ನಾಲ್ಕು ತೋಳು, ತೋಳಿಗೆ ಮೂರು ಸಾಲು, ಸಾಲಿಗೆ ಎಂಟು; ಒಟ್ಟು 96 ಮನೆಯನ್ನೂ ಹಳದಿ ದಾರದಲ್ಲಿ ಕೈಯಿಂದ ಹೊಲಿದಿದ್ದಾರೆ. ನಮ್ಮ ದಾಳಗಳ ನಾಲ್ಕು ಮುಖಕ್ಕೆ 1, 3, 4, 6 ಚುಕ್ಕೆ. ಆದರೆ ಒಂದು ಕಾಯಿ ನಡುಸಾಲಿನಲ್ಲಿ ಇಳಿದು, ನಾಲ್ಕೂ ತೋಳಿನ ಅಂಚು ಸುತ್ತಿ, ಮತ್ತೆ ನಡುಸಾಲು ಹತ್ತಿ ನಡುವಿನ ಮನೆ ಸೇರಿ ಹಣ್ಣಾಗಬೇಕಾದರೆ 80ಕ್ಕೂ ಹೆಚ್ಚು ಮನೆ ನಡೆಯಬೇಕು. ಚೌಕಾಬಾರದಲ್ಲಿ 25ಕ್ಕೇ ಮುಗಿಯುತ್ತದೆ. ಎರಡೂವರೆ ಗಂಟೆ ಆಡಿದ ಭಾನುವಾರ ಮಗಳು ಹಾಸಿನ ಪಕ್ಕದಲ್ಲೇ ನಿದ್ದೆ ಹೋದಳು. ಮಗ ಮತ್ತು ನಮ್ಮವರು ಮಾತ್ರ ಇದಕ್ಕೆ ಅಂಟಿಕೊಂಡರು. ಯಾವ ಜೋಡಿಯನ್ನು ಒಟ್ಟಿಗೆ ನಡೆಸಬೇಕು, ಎಲ್ಲಿ ಕಾಯಬೇಕು ಅಂತ ತಂದೆ ಮಗ ಗಂಟೆಗಟ್ಟಲೆ ತಲೆ ತಗ್ಗಿಸಿ ಕೂತದ್ದು ನನಗೆ ಬಹಳ ಇಷ್ಟವಾಯಿತು. ದಿನನಿತ್ಯಕ್ಕೆ ಇದು ಒಗ್ಗುವುದಿಲ್ಲ ಅಷ್ಟೇ.

ಆಡುಹುಲಿಯನ್ನೂ ಒಂದು ವಾರ ಆಡಿದೆವು, ಮೂರು ಹುಲಿ, ಹದಿನೈದು ಆಡು. ರಟ್ಟಿನ ಮೇಲೆ ಐದು ನಿಮಿಷದಲ್ಲಿ ಬರೆದುಕೊಳ್ಳಬಹುದು, ಬಸ್ಸಿಗೂ ರೈಲಿಗೂ ಒಳ್ಳೆಯದು.

ಮೈಸೂರಿನವರಿಗೆ ಈ ಹುಚ್ಚು ಹೊಸದಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರು ಅರಮನೆಯಲ್ಲಿ ಕೂತು ಹೊಸ ಹೊಸ ಮಣೆಯಾಟಗಳನ್ನೇ ಕಟ್ಟಿದವರು. ರಾಮ್‌ಸನ್ಸ್ ಕಲಾ ಪ್ರತಿಷ್ಠಾನದವರು ಕ್ರೀಡಾ ಕೌಶಲ್ಯ ಅನ್ನುವ ಹೆಸರಿನಲ್ಲಿ ಇಂಥ ಹಾಸು, ಕಾಯಿ, ದಾಳಗಳ ಪ್ರದರ್ಶನ ಮಾಡುತ್ತ ಬಂದಿದ್ದಾರೆ. ಕೊಳ್ಳುವ ಮುಂಚೆ ಕೈಯಲ್ಲಿ ಹಿಡಿದು ನೋಡಬೇಕೆನ್ನುವವರು ಅಂಥ ಕಡೆ ಹೋಗಿ ನೋಡಲಿ. ಹಳೆಯ ಮಣೆ ಕೊಳ್ಳುವುದಾದರೆ ಮಡಚಿ ಬಿಚ್ಚಿ ಕೀಲು ನೋಡಿ, ಗುಳಿಯ ತಳದಲ್ಲಿ ಸೂಜಿತೂತುಗಳಿವೆಯೇ ಅಂತ ಬೆಳಕಿಗೆ ಹಿಡಿಯಿರಿ. ತೂತಿನಿಂದ ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇನ್ನೂ ಇದೆ, ಬೇಡ.

ಯಾರಾದರೂ ಒಂದನ್ನೇ ಮನೆಗೆ ತರುತ್ತೇವೆ ಅಂದರೆ ನಾನು ಚೌಕಾಬಾರ ಅನ್ನುತ್ತೇನೆ. ಖರ್ಚಿಲ್ಲ, ನಾಲ್ವರೂ ಕೂರಬಹುದು. ಆದರೆ ಮನೆಯಲ್ಲಿ ಕಣ್ಣು ಮಂಜಾದ ಹಿರಿಯರೊಬ್ಬರೂ ಎಣಿಸಲು ಕಲಿತ ಮಗುವೊಂದೂ ಇದ್ದರೆ ಅಳಗುಳಿಮಣೆಯನ್ನೇ ತನ್ನಿ, ಎರಡು ಸಲ ಯೋಚಿಸಬೇಡಿ. ನಮ್ಮಲ್ಲಿ ಮಣೆ ಈಗ ದಿವಾನದ ಮೇಲೇ ಇರುತ್ತದೆ, ಒಳಗಿಡುವ ಗೋಜೇ ಇಲ್ಲ. ಚೌಕಾಬಾರ ಶನಿವಾರ ರಾತ್ರಿಗೆ. ಪಗಡೆ ಹಾಸನ್ನು ಒಣಗಿದ ಬೇವಿನೆಲೆ ಹಾಕಿ, ಮಡಿಕೆ ಗುರುತು ಕೂರದಂತೆ ಸುರುಳಿ ಸುತ್ತಿಟ್ಟಿದ್ದೇನೆ. ಶಿವರಾತ್ರಿಯ ಜಾಗರಣೆಗೆ ತೆಗೆಯಬೇಕು. ಅವತ್ತು ರಾತ್ರಿ ಎಷ್ಟು ಹೊತ್ತಾದರೂ ಮಲಗುವುದಿಲ್ಲ ಅಂತ ಮಗಳು ಈಗಲೇ ಹೇಳಿದ್ದಾಳೆ.