ಮದುವೆ ಲೆನ್ಸ್, ಫುಟ್‌ಬಾಲ್ ಮ್ಯಾಚ್: ನಮ್ಮೂರಿನ ಒಂದು ಬಾಡಿಗೆ ಅಂಗಡಿ

ಅಂಗಡಿ ಹೆಸರು ಹಾಕಲ್ಲ, ಯಾಕಂದ್ರೆ ಒಂದು ದೂರೂ ಇದೆ. ದಾವಣಗೆರೆಯಲ್ಲಿ ಮದುವೆ ಫೋಟೊದವರಿಗೆ ಕ್ಯಾಮೆರಾ, ಲೆನ್ಸ್ ಬಾಡಿಗೆ ಕೊಡುವ ಅಂಗಡಿಗಳಿವೆ ಅಲ್ವಾ, ಅದರಲ್ಲಿ ಒಂದು.

ನಾನು ಒಂದು ಸೀಸನ್ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬೊಂದರ ಮೀಡಿಯಾ ಟೀಮಿಗೆ ಫೋಟೊ ತೆಗೆಯುತ್ತಿದ್ದೆ. ಕಾಯಂ ಕೆಲಸ ಅಲ್ಲ. ಕಂಠೀರವದಲ್ಲಿ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಮ್ಯಾಚ್ ಇದ್ದ ದಿನ ಮಾತ್ರ ಹೋಗೋದು. ಕ್ಯಾಮೆರಾ ನಂದೇ, ಆದರೆ 70-200 ಎಫ್ 2.8 ಲೆನ್ಸ್ (ದೂರದ್ದನ್ನು ಹತ್ತಿರ ಎಳೆಯುವ, ಕಡಿಮೆ ಬೆಳಕಲ್ಲೂ ನಡೆಯುವ ಜೂಮ್) ಕೊಳ್ಳುವಷ್ಟು ದುಡ್ಡು ಇರಲಿಲ್ಲ. ಬೆಂಗಳೂರಲ್ಲಿ ಬಾಡಿಗೆ ಕೇಳಿದರೆ ಅಲ್ಲಿನ ವಿಳಾಸದ ದಾಖಲೆ ಬೇಕು ಅಂದರು. ಇಲ್ಲಿ ಆಧಾರ್ ಜೆರಾಕ್ಸ್, ಒಂದು ಚೆಕ್, ಮುಗೀತು. ದಿನಕ್ಕೆ 1,200 ರೂಪಾಯಿ. ಬೆಳಿಗ್ಗೆ 10ಕ್ಕೆ ತಗೊಂಡು ಬಸ್ ಹತ್ತಿದರೆ, ಚಿತ್ರದುರ್ಗ, ಹಿರಿಯೂರು, ತುಮಕೂರು ದಾಟಿ ಸಂಜೆಯೊಳಗೆ ಸ್ಟೇಡಿಯಂ, 7:30ಕ್ಕೆ ಮ್ಯಾಚ್, ಫೋಟೊ ಎಲ್ಲ ಕಳಿಸಿ ರಾತ್ರಿ ಬಸ್ಸಲ್ಲಿ ವಾಪಸ್, ಮರುದಿನ ಅಂಗಡಿ ಬಾಗಿಲು ತೆಗೆಯುವಾಗ ಲೆನ್ಸ್ ಕೈಗಿಟ್ಟರೆ ಒಂದೇ ದಿನದ ಲೆಕ್ಕ. ಇಷ್ಟಕ್ಕೇ ನಾನು ಇವರ ಗಿರಾಕಿಯಾದೆ.

ಲೆನ್ಸ್ ವಿಷಯ ಹೇಳಬೇಕು. ಮಂಟಪದಲ್ಲಿ ಶಟರ್ ವೇಗ 1/200 ಸೆಕೆಂಡ್ ಇಟ್ಟು ಫ್ಲಾಶ್ ಹೊಡೆದರೆ ಕೆಲಸ ಆಯ್ತು. ಮೈದಾನದಲ್ಲಿ ಫ್ಲಾಶ್ ಇಲ್ಲ, ಶಟರ್ 1/1000ಕ್ಕಿಂತ ಕೆಳಗೆ ಬಂದರೆ ಚೆಂಡು, ಕಾಲು ಎಲ್ಲ ಕಲಸಿಹೋಗುತ್ತೆ. ಫ್ಲಡ್‌ಲೈಟ್ ಬೆಳಕಲ್ಲಿ ಅಷ್ಟು ವೇಗ ಬೇಕು ಅಂದರೆ ಎಫ್ 2.8 ಬೇಕೇ ಬೇಕು. ಇವರ ಹತ್ತಿರ ಸೋನಿ ಕಂಪನಿಯ ಅಂಥ ಲೆನ್ಸ್ ಎರಡು ಇವೆ: 2016ರ ಹಳೇ ಜಿ ಮಾಸ್ಟರ್ (ಸೋನಿಯ ದುಬಾರಿ ಸಾಲಿನ ಲೆನ್ಸ್) 1,480 ಗ್ರಾಂ, 2021ರ ಹೊಸದು 1,045 ಗ್ರಾಂ. ಕಾಗದದಲ್ಲಿ ಓದಿದರೆ ಸಣ್ಣ ವ್ಯತ್ಯಾಸ. ಗೋಲ್ ಲೈನ್ ಹಿಂದೆ ಬಿಬ್ (ಫೋಟೊದವರ ಗುರುತಿನ ಜಾಕೆಟ್) ಹಾಕಿಕೊಂಡು 90 ನಿಮಿಷ ಕೂತು ನೋಡಿ, ಮಣಿಕಟ್ಟೇ ಹೇಳುತ್ತೆ. ಹೊಸದನ್ನೇ ಕೇಳಿ.

ಎರಡೂ ಚೆನ್ನಾಗಿ ಇಟ್ಟಿದ್ದಾರೆ. ಗಾಜಿನ ಮೇಲೆ ಒಂದು ಗೀರಿಲ್ಲ. ಆದರೆ ಬ್ಯಾಗಿನ ತಳದಲ್ಲಿ ಅಕ್ಷತೆ ಕಾಳು, ಲೆನ್ಸ್ ಮುಂದಿನ ಹುಡ್ ಒಳಗೆ ಅರಿಶಿನದ ಬೆರಳ ಗುರುತು. ಒಂದ್ಸಲ ಪ್ರೆಸ್ ರೂಮಲ್ಲಿ ಬ್ಯಾಗ್ ಕೊಡವಿದರೆ ಅಕ್ಷತೆ ಪಕ್ಕದವರ ಲ್ಯಾಪ್‌ಟಾಪ್ ಮೇಲೆ ಬಿತ್ತು.

ಇನ್ನು ಪಂಚಾಂಗದ ಕಾಟ. ಮುಹೂರ್ತ ಇದ್ದ ದಿನ ಮ್ಯಾಚ್ ಇದ್ದರೆ ಲೆನ್ಸ್ ಸಿಗಲ್ಲ, ಮರೆತುಬಿಡಿ. ಧನುರ್ಮಾಸದಲ್ಲಿ ಮದುವೆ ಇಲ್ಲವಲ್ಲ, ಡಿಸೆಂಬರ್ ಅರ್ಧದಿಂದ ಸಂಕ್ರಾಂತಿವರೆಗೆ ರಾಜನ ಥರ ಹೋಗಿ ತಗೊಂಡೆ. ಮಾಘದಲ್ಲಿ ಎರಡು ಮ್ಯಾಚಿಗೆ ಹಳೇದೂ ಸಿಗಲಿಲ್ಲ.

ಈಗ ದೂರು. ಲೆನ್ಸ್ ಜೊತೆ ಒಂದು ಮೆಮೊರಿ ಕಾರ್ಡ್ ಪುಕ್ಕಟೆ ಕೊಡುತ್ತಾರೆ. ನಮ್ಮ ಕೆಲಸದಲ್ಲಿ ಹಾಫ್ ಟೈಮ್ ಅನ್ನೋದು ವಿರಾಮ ಅಲ್ಲ. ಆ 15 ನಿಮಿಷದಲ್ಲಿ ಕಾರ್ಡ್ ತೆಗೆದು ಲ್ಯಾಪ್‌ಟಾಪ್ ಹುಡುಗನಿಗೆ ಕೊಡಬೇಕು, ಅವನು ಎಂಟು ಹತ್ತು ಫೋಟೊ ಆರಿಸಿ ಹಾಕುತ್ತಾನೆ. ನನ್ನ ಕಾರ್ಡ್ ಅವನಿಗೆ ಕೊಟ್ಟೆ, ಅಂಗಡಿಯದ್ದು ಹಾಕಿಕೊಂಡು ಓಡಿದೆ. ಸೆಕೆಂಡ್ ಹಾಫ್ ಶುರುವಾಗಿ ಸ್ವಲ್ಪ ಹೊತ್ತಿಗೇ ಕಾರ್ಡ್ ಫುಲ್ ಅಂತ ಬಂತು. ತೆಗೆದು ನೋಡಿದರೆ ಯಾರದೋ ಅರಿಶಿನ ಶಾಸ್ತ್ರ, ಸಾವಿರಾರು ಫೋಟೊ! ಫಾರ್ಮ್ಯಾಟ್ ಮಾಡೋಕೆ ಕೈ ಬರಲಿಲ್ಲ. ಮಾಲೀಕರಿಗೆ ಫೋನ್ ಮಾಡಿದೆ. "ತಮ್ಮಾ, ಅಳಿಸಬ್ಯಾಡಪ್ಪ, ಹರಿಹರದ ಪಾರ್ಟಿದು, ಇನ್ನೂ ಕಾಪಿ ಮಾಡಿಲ್ಲ" ಅಂದರು. ಫೋನ್ ಕಿವಿಯಲ್ಲಿದ್ದಾಗಲೇ ಸ್ಟೇಡಿಯಂ ಎದ್ದು ಕೂಗಿತು. ಗೋಲು, ಅದೂ ನನ್ನ ಮುಂದಿನ ಪೋಸ್ಟಿಗೇ. ಗೋಲಿನ ಪೋಸ್ಟರಿಗೆ ಆ ಆಟಗಾರನ ಹಳೇ ಫೋಟೊ ಹಾಕಿ ಸುಧಾರಿಸಿದರು.

ಹಾಕುವ ಮೊದಲು ಕಾರ್ಡ್ ನೋಡದೇ ಇದ್ದದ್ದು ನಂದೂ ತಪ್ಪು, ಒಪ್ಪುತ್ತೇನೆ. ಮರುದಿನ ಹೋಗಿ ಕೂಗಾಡಿದೆ. ಅವರು ಬಾಡಿಗೆ ತಗೊಳ್ಳಲಿಲ್ಲ, ಚಹಾ ತರಿಸಿದರು. "ಗೋಲು ಮುಂದಿನ ವಾರ ಮತ್ತೆ ಹೊಡೀತಾರೆ ತಮ್ಮಾ, ಆ ಹುಡುಗಿ ಅರಿಶಿನ ಮತ್ತೆ ಮಾಡಕ್ಕಾಗತ್ತೇನು?" ಅಂದರು. ಏನು ಹೇಳಲಿ? ಚಹಾ ಕುಡಿದು ಬಂದೆ. ಆಮೇಲೂ ಅಲ್ಲೇ ಹೋದೆ, ಕಾರ್ಡ್ ಮಾತ್ರ ನಂದೇ ಇನ್ನೊಂದು ಕೊಂಡೆ.

1.4 ಟೆಲಿಕನ್ವರ್ಟರ್ (ಲೆನ್ಸ್ ಹಿಂದೆ ಸಿಕ್ಕಿಸಿದರೆ ದೂರದ್ದು 1.4 ಪಟ್ಟು ದೊಡ್ಡದಾಗಿ ಕಾಣುತ್ತೆ) ಇವರ ಹತ್ತಿರ ಇಲ್ಲ. ಮೈದಾನ 105 ಮೀಟರ್ ಉದ್ದ, ಆಚೆ ಕಡೆಯ ಆಟ 200 ಎಂಎಂ ಪೂರ್ತಿ ಜೂಮಲ್ಲೂ ಇರುವೆ ಥರ ಕಾಣುತ್ತೆ. ಕೇಳಿದ್ದಕ್ಕೆ "ಮದುಮಗಳನ್ನ ಅಷ್ಟು ದೂರದಿಂದ ಯಾರು ತೆಗೀತಾರೆ" ಅಂತ ನಕ್ಕರು. ಹೋಗುವವರು ನಾಲ್ಕು ದಿನ ಮೊದಲೇ ಹೇಳಿಡಿ, ಭಾನುವಾರ ಮಧ್ಯಾಹ್ನದ ಮೇಲೆ ಅಂಗಡಿ ಮುಚ್ಚಿರುತ್ತೆ.