ತಿರುಗುವ ದೀಪವೋ, ಏರಿಳಿಯುವ ಗೋಳವೋ?

ಸಭಾಂಗಣಕ್ಕೆ ಚಲಿಸುವ ಬೆಳಕು ಬೇಕೇ? ಮೂವಿಂಗ್ ಹೆಡ್ ದೀಪ ಇದ್ದಲ್ಲೇ ಇದ್ದು ಕತ್ತು ತಿರುಗಿಸುತ್ತದೆ. ಚಲಿಸುವುದು ಕಿರಣ ಮಾತ್ರ. ಕೈನೆಟಿಕ್ ವ್ಯವಸ್ಥೆಯಲ್ಲಿ ದೀಪವೇ ಚಲಿಸುತ್ತದೆ: ಚಾವಣಿಯ ವಿಂಚ್ ತಂತಿಯನ್ನು ಸುತ್ತುತ್ತ, ಬಿಡುತ್ತ ಎಲ್‌ಇಡಿ ಗೋಳವನ್ನು ಏರಿಳಿಸುತ್ತದೆ. ಗೋಳಗಳು ಒಂದರ ಹಿಂದೊಂದು ಇಳಿದಾಗ ತಲೆಯ ಮೇಲೆ ಅಲೆಯೊಂದು ಹಾದುಹೋದಂತಿರುತ್ತದೆ. ಆ ಸೊಬಗನ್ನು ಬರಿಯ ಕಿರಣ ಕೊಡಲಾರದು.

ಆದರೆ ಲೆಕ್ಕ ಹಾಕಿ. ದೀಪಗಳಿಗೆ ಆದೇಶ ಕಳುಹಿಸುವ ಒಂದು ಡಿಎಂಎಕ್ಸ್ ಜಾಲದಲ್ಲಿ 512 ಚಾನೆಲ್, ಅಂದರೆ ಆದೇಶ ಸಾಗುವ ದಾರಿ. ಗೋಳಕ್ಕೆ ಎಂಟರಂತೆ ಹಿಡಿದರೆ 64 ಗೋಳಕ್ಕೇ ಮುಗಿಯಿತು. ಚಾವಣಿ ತಗ್ಗಾಗಿದ್ದರೆ ಅಲೆಗೆ ಜಾಗವೇ ಇಲ್ಲ.

ಊರೂರು ಸುತ್ತುವ ಕಾರ್ಯಕ್ರಮಕ್ಕೆ ಮೂವಿಂಗ್ ಹೆಡ್ಡೇ ಸರಿ. ಎತ್ತರದ ಕಾಯಂ ಸಭಾಂಗಣಕ್ಕೆ ನಾನು ಕೈನೆಟಿಕ್ ಅನ್ನೇ ಆರಿಸುತ್ತೇನೆ. ಆದರೆ ಅದು ಜನರ ತಲೆಯ ಮೇಲೆ ತೂಗುವ ಭಾರ. ಚಾವಣಿಯ ತಾಳಿಕೆಯನ್ನು ಎಂಜಿನಿಯರ್ ಪರೀಕ್ಷಿಸುವ ಮೊದಲು ಒಂದು ವಿಂಚನ್ನೂ ಕಟ್ಟಿಸಬೇಡಿ.