ಹದಿನಾರು ಪುಟ ಕಾಣೆಯಾದ ‘ಪೆನೆಲೊಪಿಯಾಡ್’

ಅರ್ಧ ಬೆಲೆಗೆ ಸಿಗುತ್ತಿದೆ ಅಂದಾಗಲೇ ಅನುಮಾನ ಬರಬೇಕಿತ್ತು. ಆನ್‌ಲೈನ್‌ನಲ್ಲಿ ತರಿಸಿದ ಪುಸ್ತಕ. ಕಾಗದ ನ್ಯೂಸ್‌ಪ್ರಿಂಟಿಗಿಂತ ಸ್ವಲ್ಪ ಮೇಲು, ಮುಖಪುಟದ ಬಣ್ಣ ಬೆರಳಿಗೆ ಹತ್ತುತ್ತಿತ್ತು. ಹೋಗಲಿ ಅಂದುಕೊಂಡೆ. ಆದರೆ 144ನೇ ಪುಟ ಮುಗಿಸಿ ಮಗುಚಿದರೆ ಮತ್ತೆ 129! ಅಲ್ಲಿಂದ 144ರವರೆಗೆ ಇನ್ನೊಂದು ಸಲ ಅದೇ, ಆಮೇಲೆ ನೇರ 161. ನಡುವಿನ ಹದಿನಾರು ಪುಟ ಇಲ್ಲವೇ ಇಲ್ಲ. ಮಾರಿದವನಿಗೆ ಮೂರು ಮೇಲ್ ಬರೆದೆ. ಎರಡು ವಾರದ ಮೇಲೆ ದುಡ್ಡು ವಾಪಸ್ ಬಂತು. ಪುಸ್ತಕ ಒಯ್ಯಲು ಮಾತ್ರ ಯಾರೂ ಬರಲಿಲ್ಲ.

ಕಾಣೆಯಾಗಿದ್ದು ಎಂಥ ಹದಿನಾರು ಪುಟ ಗೊತ್ತಾ? ದಾಸಿಯರು ಸಾಯುವ ಭಾಗ. ಕೆನಡಾದ ಲೇಖಕಿ ಮಾರ್ಗರೆಟ್ ಆಟ್‌ವುಡ್ 2005ರಲ್ಲಿ ತಂದ ಈ ಪುಟ್ಟ ಕಾದಂಬರಿ ನಿಂತಿರುವುದೇ ಆ ಸಾವಿನ ಮೇಲೆ.

ಕಥೆ ಗೊತ್ತಿಲ್ಲದವರಿಗೆ ಎರಡು ಮಾತು. ಇಥಾಕಾದ ರಾಜ ಒಡಿಸಿಯಸ್ ಟ್ರಾಯ್ ಯುದ್ಧಕ್ಕೆ ಹೋದವನು ಮನೆ ಸೇರುವುದು 20 ವರ್ಷಕ್ಕೆ. ಅಷ್ಟರಲ್ಲಿ ಅವನ ಹೆಂಡತಿ ಪೆನೆಲೊಪಿಯನ್ನು ಮದುವೆಯಾಗುತ್ತೇವೆ ಅಂತ 108 ಜನ ಬಂದು ಅಂಗಳದಲ್ಲೇ ಠಿಕಾಣಿ ಹೂಡಿ, ಮನೆಯ ಹಂದಿ, ಕುರಿ, ಹೆಂಡ ಎಲ್ಲ ಖಾಲಿ ಮಾಡುತ್ತಿರುತ್ತಾರೆ. ಮಾವನಿಗೆ ಶವವಸ್ತ್ರ ನೇಯ್ದು ಮುಗಿಯಲಿ, ಆಮೇಲೆ ಮದುವೆ ಅನ್ನುತ್ತಾಳೆ ಅವಳು. ಹಗಲು ನೇಯುತ್ತಾಳೆ, ರಾತ್ರಿ ಬಿಚ್ಚುತ್ತಾಳೆ. ಮೂರು ವರ್ಷ ಹೀಗೇ ನಡೆಯುತ್ತದೆ. ಕೊನೆಗೆ ಒಡಿಸಿಯಸ್ ಭಿಕ್ಷುಕನ ವೇಷದಲ್ಲಿ ಬಂದು ಅಷ್ಟೂ ಜನರನ್ನು ಕೊಲ್ಲುತ್ತಾನೆ. ಅವರ ಜೊತೆ ಮಲಗಿದ್ದರು ಅಂತ ಮನೆಯ ಹನ್ನೆರಡು ದಾಸಿಯರನ್ನೂ ಕೊಲ್ಲಿಸುತ್ತಾನೆ.

ನನ್ನ ಪ್ರತಿಯಲ್ಲಿ ಪುಟ ಇರಲಿಲ್ಲವಲ್ಲ, ಹಾಗಾಗಿ ಮೂಲದಲ್ಲೇ ನೋಡೋಣ ಅಂತ ಸಹೋದ್ಯೋಗಿಯ ಹತ್ತಿರ ಹೋಮರ್‌ನ ಗ್ರೀಕ್ ಮಹಾಕಾವ್ಯ ‘ಒಡಿಸ್ಸಿ’ ಇಸಕೊಂಡೆ. 2017ರಲ್ಲಿ ಬಂದ ಎಮಿಲಿ ವಿಲ್ಸನ್ ಅನುವಾದ. ಇಪ್ಪತ್ತೆರಡನೇ ಸರ್ಗವನ್ನು ಆಫೀಸಿನ ಬಸ್ಸಲ್ಲಿ ಓದಿದೆ. ಮೊದಲು ಆ ಹುಡುಗಿಯರಿಂದಲೇ ಹೆಣ ಹೊರಿಸುತ್ತಾರೆ. ಮೇಜು, ಕುರ್ಚಿಗಳ ರಕ್ತವನ್ನು ಸ್ಪಂಜಿನಿಂದ ಒರೆಸಿ ತೊಳೆಸುತ್ತಾರೆ. ಕತ್ತಿಯಿಂದ ಕೊಲ್ಲು ಅಂತ ಅಪ್ಪ ಹೇಳಿದರೆ ಮಗ ಟೆಲಿಮ್ಯಾಕಸ್‌ಗೆ ಅದು ಸಾಲದು. ಅಷ್ಟು ಮರ್ಯಾದೆಯ ಸಾವು ಇವರಿಗೆ ಯಾಕೆ ಅಂತ ಹಡಗಿನ ಹಗ್ಗ ಕಟ್ಟಿ ಸಾಲಾಗಿ ನೇತುಹಾಕುತ್ತಾನೆ. ಬಲೆಗೆ ಬಿದ್ದ ಹಕ್ಕಿಗಳ ಹಾಗೆ ಅಂತ ಹೋಮರ್ ಉಪಮೆ ಕೊಡುತ್ತಾನೆ. ಕಾಲು ಸ್ವಲ್ಪ ಹೊತ್ತು ಒದ್ದಾಡಿದವು, ಜಾಸ್ತಿ ಹೊತ್ತೇನಲ್ಲ. ಅಷ್ಟೇ. ಮುಂದಿನ ಸಾಲಿಗೆ ಕಾವ್ಯ ಬೇರೆ ಕೆಲಸಕ್ಕೆ ಹೊರಟುಬಿಡುತ್ತದೆ. ನಾನು ಇಳಿಯುವ ಸ್ಟಾಪು ಹಿಂದಾಯಿತು.

ಇನ್ನೊಂದು ವಿಷಯ. ಹಿಂದಿನ ಎಷ್ಟೋ ಇಂಗ್ಲಿಷ್ ಅನುವಾದಗಳು ಇಲ್ಲಿ ದಾಸಿಯರಿಗೆ ಸೂಳೆಯರು ಅನ್ನುವ ಅರ್ಥದ ಬೈಗುಳ ಬಳಸಿವೆ. ಗ್ರೀಕ್‌ನಲ್ಲಿರುವುದು ಹೆಚ್ಚುಕಡಿಮೆ ‘ಈ ಹೆಂಗಸರು’ ಅನ್ನುವಷ್ಟೇ. ಬೈಗುಳ ಅನುವಾದಕರ ಕೈಯಿಂದ ಬಂದದ್ದು. ವಿಲ್ಸನ್ ಹುಡುಗಿಯರು ಅಂದಿದ್ದಾರೆ.

ಆಮೇಲೆ ಪೂರ್ತಿ ಬೆಲೆ ಕೊಟ್ಟು ಅಂಗಡಿಯಿಂದಲೇ ಸರಿಯಾದ ಪ್ರತಿ ತಂದೆ. ಇನ್ನೂರು ಪುಟದೊಳಗಿನ ಪುಸ್ತಕ, ಅಕ್ಷರ ದೊಡ್ಡದು, ಎರಡು ಸಂಜೆ ಸಾಕು. ಪೆನೆಲೊಪಿ ಸತ್ತು ಪಾತಾಳ ಸೇರಿದ್ದಾಳೆ. ಅಲ್ಲಿಂದಲೇ ತನ್ನ ಕಥೆ ಹೇಳುತ್ತಾಳೆ. ಬಾಯಿ ಸ್ವಲ್ಪ ಜೋರು. ಟ್ರಾಯ್ ಯುದ್ಧಕ್ಕೆ ಕಾರಣಳಾದ ಸುಂದರಿ, ಸೋದರಸಂಬಂಧಿ ಹೆಲೆನ್ ಮೇಲಿನ ಹೊಟ್ಟೆಕಿಚ್ಚು ಸತ್ತ ಮೇಲೂ ಆರಿಲ್ಲ. ನಮ್ಮ ಮದುವೆಮನೆಗಳಲ್ಲಿ ಮೂಲೆಯ ಕುರ್ಚಿ ಹಿಡಿದು ಎಲ್ಲರ ಸೀರೆಗೂ ಮಾರ್ಕ್ಸ್ ಕೊಡುವ ಅತ್ತೆಯಂದಿರು ಇರುತ್ತಾರಲ್ಲ, ಥೇಟ್ ಹಾಗೆ. ದಾಸಿಯರು ತಾನೇ ಸಾಕಿದ ಮಕ್ಕಳು, ರಾತ್ರಿ ಕೂತು ನೇಯ್ಗೆ ಬಿಚ್ಚಲು ಜೊತೆಯಾದವರು, ಆ ಗಂಡಸರ ನಡುವೆ ಗೂಢಚಾರಿಕೆ ಮಾಡಿ ಅಂತ ತಾನೇ ಕಳಿಸಿದವರು ಅನ್ನುತ್ತಾಳೆ. ಅವರನ್ನು ಕೊಲ್ಲುವಾಗ? ನಿದ್ದೆ ಬಂದಿತ್ತಂತೆ.

ಇಲ್ಲಿ ಆಟ್‌ವುಡ್ ಮಾಡಿದ್ದು ನನಗೆ ತುಂಬಾ ಹಿಡಿಸಿತು. ಪೆನೆಲೊಪಿಯ ಮಾತನ್ನು ಪೂರ್ತಿ ನಂಬಲು ಬಿಡುವುದಿಲ್ಲ. ಅಧ್ಯಾಯಗಳ ನಡುನಡುವೆ ಹನ್ನೆರಡು ದಾಸಿಯರು ಮೇಳವಾಗಿ ನುಗ್ಗುತ್ತಾರೆ. ಒಮ್ಮೆ ಹಗ್ಗದಾಟದ ಹಾಡು. ಹಗ್ಗ ಅಂದರೆ ಯಾವ ಹಗ್ಗ ಅಂತ ಗೊತ್ತಾದಾಗ ಮೈ ಜುಂ ಅನ್ನುತ್ತದೆ. ಒಮ್ಮೆ ನಾವಿಕರ ಹಾಡು, ಒಮ್ಮೆ ಕಾಲೇಜಿನ ಉಪನ್ಯಾಸ. ಆ ಉಪನ್ಯಾಸ ನನಗೆ ಬೋರ್ ಹೊಡೆಸಿತು, ಹಾರಿಸಿ ಓದಿದರೆ ನಷ್ಟವಿಲ್ಲ. ಕೊನೆಗೆ ಒಡಿಸಿಯಸ್ ಮೇಲೆ ಇಂದಿನ ಕಾಲದ ಕೋರ್ಟಿನಲ್ಲಿ ಒಂದು ವಿಚಾರಣೆ. ನ್ಯಾಯಾಧೀಶರು ‘ಒಡಿಸ್ಸಿ’ಯನ್ನೇ ತೆಗೆದು ಓದಿ ನೋಡುತ್ತಾರೆ. ಆ ಕಾಲದ ರೀತಿ ಬೇರೆ ಇತ್ತು ಅಂತ ಕೇಸು ವಜಾ.

ನಾನು ಹೊನ್ನಾವರದ ಕಡೆಯವಳು. ತಾಳಮದ್ದಲೆ ಕೇಳುತ್ತಾ ಅಪ್ಪನ ತೊಡೆ ಮೇಲೆ ನಿದ್ದೆ ಮಾಡಿ ಬೆಳೆದವಳು. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳುತ್ತಾರೆ, ಕೂತವರು ಅರ್ಥ ಹೇಳುತ್ತಾರೆ. ಬಾಣ ತಿಂದು ಬಿದ್ದ ವಾಲಿ ರಾಮನನ್ನು ಏನು ಕೇಳುತ್ತಾನೆ ಅನ್ನುವುದು ಎಲ್ಲರಿಗೂ ಗೊತ್ತು. ಹೇಗೆ ಕೇಳುತ್ತಾನೆ ಅನ್ನುವುದಕ್ಕೆ ಊರಿನವರು ಬೆಳಗಿನ ಜಾವದವರೆಗೆ ಕೂರುತ್ತಾರೆ. ಈ ಪುಸ್ತಕದ ಕೋರ್ಟ್ ಓದುವಾಗ ನನಗೆ ಬೇರೆ ಏನೂ ನೆನಪಾಗಲಿಲ್ಲ. ಎದುರು ಅರ್ಥಧಾರಿ ಗಟ್ಟಿಯಾಗಿದ್ದರೆ ತಾನೇ ಪ್ರಸಂಗ ರಂಗೇರುವುದು?

ಗ್ರೀಕ್ ಕಥೆಗಳನ್ನು ಹೆಂಗಸರ ಕಡೆಯಿಂದ ಮತ್ತೆ ಹೇಳುವ ಈ ಸಾಲಿನ ಬೇರೆ ಕೆಲವು ಪುಸ್ತಕಗಳಲ್ಲಿ ಆ ಎದುರಾಳಿಯೇ ಇಲ್ಲ. ಮೇಡಲಿನ್ ಮಿಲ್ಲರ್ ಅವರ ‘ಸರ್ಸಿ’ (2018) ಎಲ್ಲರೂ ಹೊಗಳುವ ಪುಸ್ತಕ, ‘ಒಡಿಸ್ಸಿ’ಯಲ್ಲಿ ಬರುವ ಮಾಟಗಾತಿಯ ಕಥೆ. ಸೊಪ್ಪು, ಬೇರು ಕಿತ್ತು, ಅರೆದು, ಹತ್ತು ಸಲ ಕೆಡಿಸಿ ಮಂತ್ರವಿದ್ಯೆ ಕಲಿಯುವ ಭಾಗ ಬಹಳ ಚೆನ್ನಾಗಿದೆ, ನಮ್ಮಜ್ಜಿ ಕಷಾಯ ಮಾಡುವುದನ್ನು ನೋಡಿದ ಹಾಗಿತ್ತು. ಆದರೆ ದೇವರುಗಳೆಲ್ಲ ದುಷ್ಟರು, ಗಂಡಸರಲ್ಲಿ ಬಹುಪಾಲು ನೀಚರು, ಸರ್ಸಿ ಮಾತ್ರ ಹೆಚ್ಚುಕಡಿಮೆ ಸರಿ. ಡಿಡಲಸ್, ಮಿಡೀಯಾ, ಒಡಿಸಿಯಸ್ ಎಲ್ಲರೂ ಸರದಿಯಲ್ಲಿ ಬಂದು ಹೋಗುತ್ತಾರೆ, ಸಂಬಂಧಿಕರ ಮದುವೆ ಆಲ್ಬಮ್ ತಿರುವಿದ ಹಾಗೆ. ಅದೇ ವರ್ಷದ ಪ್ಯಾಟ್ ಬಾರ್ಕರ್ ಪುಸ್ತಕ ‘ದಿ ಸೈಲೆನ್ಸ್ ಆಫ್ ದಿ ಗರ್ಲ್ಸ್’ ಹೆಚ್ಚು ಗಟ್ಟಿ. ಟ್ರಾಯ್ ಯುದ್ಧದಲ್ಲಿ ಗ್ರೀಕ್ ವೀರ ಅಕಿಲೀಸ್‌ನ ಪಾಲಿಗೆ ಬಹುಮಾನವಾಗಿ ಬಂದ ಬ್ರೈಸೇಯಿಸ್ ಹೇಳುವ ಕಥೆ. ಹೋಮರ್‌ನ ಇನ್ನೊಂದು ಕಾವ್ಯ ‘ಇಲಿಯಡ್’ನಲ್ಲಿ ಟ್ರಾಯ್‌ನ ಮುದುಕ ರಾಜ ಪ್ರಿಯಮ್ ತನ್ನ ಮಗನನ್ನು ಕೊಂದ ಅಕಿಲೀಸ್‌ನ ಕೈಗೆ ಮುತ್ತಿಡುತ್ತಾನೆ, ಓದಿದವರೆಲ್ಲ ಕಣ್ಣೀರು ಹಾಕುವ ಜಾಗ ಅದು. ಇಲ್ಲಿ ಬ್ರೈಸೇಯಿಸ್ ಅದನ್ನು ನೋಡುತ್ತಾ, ಗಂಡನನ್ನೂ ಅಣ್ಣತಮ್ಮಂದಿರನ್ನೂ ಕೊಂದವನ ಹಾಸಿಗೆಗೆ ನಾನು ಹೋಗಬೇಕಾಯಿತಲ್ಲ ಅಂದುಕೊಳ್ಳುತ್ತಾಳೆ. ಆ ಪುಟಕ್ಕಾಗಿಯೇ ಪುಸ್ತಕ ಕೊಳ್ಳಬಹುದು. ಮೌನದ ಹೆಸರು ಹೊತ್ತ ಪುಸ್ತಕ ನಡುವೆ ಅವಳನ್ನು ಬಿಟ್ಟು ಅಕಿಲೀಸ್‌ನ ಹಿಂದೆ ಹೋಗುವುದು ಯಾಕೋ ನನಗೆ ಸರಿ ಬರಲಿಲ್ಲ.

ಗ್ರೀಕ್ ಕಥೆ ಕನ್ನಡಕ್ಕೆ ಹೊಸದೇನಲ್ಲ. ಬಿ.ಎಂ.ಶ್ರೀ. ಸಾಫೊಕ್ಲಿಸ್‌ನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಮಾಡಿದ್ದರು, ಲಂಕೇಶ್ ಈಡಿಪಸ್‌ನನ್ನು ತಂದಿದ್ದರು. ಈ ಹನ್ನೆರಡು ಹುಡುಗಿಯರನ್ನೂ ಯಾರಾದರೂ ತಂದರೆ ಆ ಹಗ್ಗದಾಟದ ಹಾಡು ಕನ್ನಡದಲ್ಲಿ ಹೇಗೆ ಕೇಳಿಸಬಹುದು ಅಂತ ನನಗೆ ಕುತೂಹಲ. ಸದ್ಯಕ್ಕೆ ಇಂಗ್ಲಿಷ್ ಸುಲಭವಾಗಿಯೇ ಇದೆ, ಧೈರ್ಯವಾಗಿ ಓದಿ. ಮೂಲದ ಇಪ್ಪತ್ತೆರಡನೇ ಸರ್ಗ ಮೊದಲು ಓದಿಕೊಂಡರೆ ಇನ್ನೂ ಒಳ್ಳೆಯದು. ನನಗೆ ಅದು ಸುಮ್ನೆ ಕಳ್ಳಮುದ್ರಣದ ಪುಣ್ಯದಿಂದ ಆಯಿತು, ನೀವು ಬೇಕಂತಲೇ ಮಾಡಿ. ಮತ್ತೆ, ಅರ್ಧ ಬೆಲೆ ಅಂದರೆ ಕೊಳ್ಳಬೇಡಿ.

ಕಳೆದ ಭಾನುವಾರ ಫೋನಿನಲ್ಲಿ ಅಪ್ಪನಿಗೆ ಕಥೆಯೆಲ್ಲ ಹೇಳಿದೆ. ಹೂಂಗುಟ್ಟುತ್ತಾ ಪೂರ್ತಿ ಕೇಳಿದರು. ಆಮೇಲೆ ಗಂಟಲು ಸರಿಮಾಡಿಕೊಂಡು, “ಇಪ್ಪತ್ತು ವರ್ಷ ಮನೆ ಬಿಟ್ಟ ಯಜಮಾನ ನಾನು, ಯಾರನ್ನು ನಂಬಬೇಕಿತ್ತು ಹೇಳು” ಅಂತ ಒಡಿಸಿಯಸ್‌ನ ಅರ್ಥವನ್ನೇ ಶುರುಮಾಡಿದರು. ನಾನು ದಾಸಿಯರ ಪಾತ್ರ ತೆಗೆದುಕೊಂಡೆ. ಮುಕ್ಕಾಲು ಗಂಟೆಯಾದ ಮೇಲೆ ಅಮ್ಮ ಬಂದು, ಅನ್ನ ಆರಿಹೋಯಿತು ಅಂತ ಫೋನ್ ಕಸಿದುಕೊಂಡಳು.